ಭಾವನ ಬ್ಲೀಚ್ ಮಡಿ

ಶುಕ್ರವಾರ ಬೆಳಿಗ್ಗೆ, ಜುಮ್ಮಾ ನಮಾಜಿಗೆ ಜನ ಹೊರಡುವುದಕ್ಕೆ ಸ್ವಲ್ಪ ಮುಂಚೆ, ಮಸ್ಕತ್ತಿನ ಅಲ್ ಖೌದ್‌ನಲ್ಲಿರುವ ನನ್ನ ಅಕ್ಕನ ಮನೆಯ ಹಿಂದಿನ ಬಚ್ಚಲಿನ ಎದುರು, ವಾಷಿಂಗ್ ಮೆಷಿನ್ನಿಗೆ ಬೆನ್ನು ತಾಗಿಸಿಕೊಂಡು ನಾನು ನಿಂತಿದ್ದೆ. ನನಗೂ ಬಚ್ಚಲಿನ ಹೊಸ್ತಿಲಿಗೂ ನಡುವೆ ಒಂದು ನೀಲಿ ಬಕೆಟ್ ಇತ್ತು. ಹೊಸ್ತಿಲಿನ ಮೇಲೆ ಹಳದಿ ಕಪ್ಪು ಪಟ್ಟೆಯ ಟೇಪು ಅಂಟಿಸಿತ್ತು. ದೀಪ ಉರಿಯುತ್ತಿತ್ತು. ನಾನು ಕನ್ನಡಕ ಹಾಕಿಕೊಂಡಿದ್ದೆ. ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಅಲ್ಲಿ ನಾನು ಕಂಡದ್ದನ್ನು ಊರಿಗೆ ಫೋನ್ ಮಾಡಿ ಹೇಳಿದರೆ ಒಬ್ಬರೂ ನಂಬುತ್ತಿಲ್ಲ. ಒಮಾನ್ ದೇಶದ ಅತಿ ಕಟ್ಟಾ ಮಡಿವಂತನ ಮಡಿ ಕೆಟ್ಟದ್ದನ್ನು ನಾನು ಕಣ್ಣಾರೆ ನೋಡಿದೆ!

ಆ ಮಡಿವಂತ ಬೇರೆ ಯಾರೂ ಅಲ್ಲ, ನಮ್ಮ ಭಾವ. ಅಂದರೆ ಅಕ್ಕನ ಗಂಡ.

"ಯಾರು, ಅವರಾ? ಮಡಿಯಾ?" ಎಂದು ಭಾವನನ್ನು ಬಲ್ಲವರು ಇಲ್ಲಿ ನಗುತ್ತಾರೆ. ನಗಲಿ. ನಗುವುದಕ್ಕೆ ಕಾರಣವಿದೆ. ಭಾವನ ಅಮ್ಮ ಉಡುಪಿಯ ಕಡೆ ಮಡಿಗೆ ಹೆಸರಾದವರು. ಅವರ ಸೀರೆ ಒಣಗುತ್ತಿದ್ದದ್ದು ಮಾಡಿನಿಂದ ತೂಗುಹಾಕಿದ ಬಿದಿರಿನ ಮೇಲೆ. ಅದನ್ನು ಏರಿಸಲಿಕ್ಕೂ ಇಳಿಸಲಿಕ್ಕೂ ಒಂದು ಪ್ರತ್ಯೇಕ ಕೋಲು. ಮಿಂದು ಆ ಸೀರೆ ಉಟ್ಟರೆಂದರೆ, ಅಡುಗೆ ಪೂಜೆ ಮುಗಿಯುವ ತನಕ ಅವರನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಮತ್ತೆ ಸ್ನಾನ. ಇಂಥ ತಾಯಿಯ ಮಗ ಏನು ಮಾಡುತ್ತಿದ್ದರು? ಬೇಕೆಂದೇ ಓಡಿಹೋಗಿ ಮುಟ್ಟುತ್ತಿದ್ದರಂತೆ! ಮಸ್ಕತ್ತಿಗೆ ಬಂದ ಮೇಲಂತೂ ಮಡಿಯ ವಿರುದ್ಧ ಒಂದು ಭಾಷಣವನ್ನೇ ಸಿದ್ಧ ಇಟ್ಟುಕೊಂಡಿದ್ದರು. "ಮಡಿ ಅಂದ್ರೆ ಸೋಪು ಹುಟ್ಟುವ ಮೊದಲಿನ ಕಾಲದ್ದು ಮಾರಾಯ. ಈಗ ಅಂಗಡಿಯಲ್ಲಿ ಸೋಪು ಉಂಟಲ್ಲ, ಇನ್ನು ಮಡಿ ಎಂಥದಕ್ಕೆ?" ಇದನ್ನು ನಾನು ಅವರ ಬಾಯಿಂದಲೇ ಕೇಳಿದ್ದೇನೆ. ಎಷ್ಟು ಸಲ ಎಂದು ಮಾತ್ರ ಕೇಳಬೇಡಿ.

ಇಂಥವರನ್ನು ಮಡಿಗೆ ಎಳೆದದ್ದು ಮಠವಲ್ಲ, ಸ್ವಾಮಿಗಳಲ್ಲ. ಮೂರು ಬೆಕ್ಕಿನ ಮರಿಗಳು.

ಇಲ್ಲಿ ಬೀದಿ ಬೆಕ್ಕುಗಳ ಯೋಗಕ್ಷೇಮ ನೋಡಿಕೊಳ್ಳುವ ಒಬ್ಬ ಮೇಡಂ ಇದ್ದಾರೆ. ತಾಯಿಯಿಲ್ಲದ ಮರಿಗಳನ್ನು ಅವರು ಒಪ್ಪಿದವರ ಮನೆಗೆ ಕೊಡುತ್ತಾರೆ. ನಾವು ಹಾಲು ಕುಡಿಸಿ ದೊಡ್ಡದು ಮಾಡಿ ಹಿಂದಕ್ಕೆ ಕೊಡಬೇಕು. ಆಮೇಲೆ ಅವುಗಳಿಗೆ ಕಾಯಂ ಮನೆ ಹುಡುಕುವುದು ಅವರ ಕೆಲಸ. ಇದಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿದೆ. ಭಾವ ಅದನ್ನು ಕನ್ನಡಕ್ಕೆ ತಂದದ್ದು ಹೀಗೆ:

"ಬಾಣಂತನ. ಸ್ವಲ್ಪ ಸಮಯದ ಬಾಣಂತನ, ಅಷ್ಟೇ."

"ಬಾಣಂತಿ ಯಾರು?" ಎಂದು ಅಕ್ಕ ಕೇಳಿದಳು.

"ನಾನೇ ಅಂತ ತಿಳ್ಕೊ."

ಇದು ತಮಾಷೆಯೆಂದು ನಾವು ನಕ್ಕೆವು. ತಮಾಷೆಯಾಗಿರಲಿಲ್ಲ! ಭಾವ ಆಫೀಸಿನಿಂದ ಬಂದವರೇ ಬೆನ್ನಿಗೆ ದಿಂಬು ಕೊಟ್ಟುಕೊಂಡು, ಮಣೆಯ ಮೇಲೆ ಕೂತು, ಕಾಲು ನೀಡಿ, ಮರಿಗಳನ್ನು ಮಡಿಲಲ್ಲಿಟ್ಟುಕೊಂಡು ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದರು. ಆ ಹೊತ್ತಿನಲ್ಲಿ ಫ್ಯಾನ್ ಹಾಕುವಂತಿಲ್ಲ, ಗಾಳಿ ತಾಗುತ್ತದೆ. ಮರಿಗಳಿಗೆ ನಮ್ಮೂರ ತಿಂಡಿಗಳ ಹೆಸರನ್ನೂ ಇಟ್ಟರು: ಬನ್ಸ್, ಅಂಬಡೆ, ಗೋಳಿಬಜೆ. ಮೊದಲನೆಯದು ಉಬ್ಬಿಕೊಂಡಿತ್ತು. ಎರಡನೆಯದರ ಮೈತುಂಬ ಚುಕ್ಕೆ. ಮೂರನೆಯದು ದುಂಡಗೆ, ಎಣ್ಣೆಯಿಂದ ಆಗತಾನೇ ತೆಗೆದ ಬಣ್ಣ. ಹೆಸರು ಕರೆದರೆ ಮರಿಗಳು ಬರುತ್ತಿರಲಿಲ್ಲ, ನಮಗೆ ಹಸಿವಾಗುತ್ತಿತ್ತು.

ಆಮೇಲೆ ಕಾಯಿಲೆ ಬಂತು.

ಇದನ್ನು ಉದ್ದ ಮಾಡುವುದಿಲ್ಲ. ಬನ್ಸ್ ಹಾಲು ಬಿಟ್ಟ ದಿನ ಭಾವ ಗಾಬರಿಯಾಗಿ ನನ್ನನ್ನು ಕರೆದರು. ಪ್ರಾಣಿಗಳ ಆಸ್ಪತ್ರೆಗೆ ಕಾರು ಓಡಿಸಿದ್ದು ನಾನು. ಬನ್ಸ್ ಉಳಿಯಲಿಲ್ಲ. ಅಂಬಡೆಯೂ ಉಳಿಯಲಿಲ್ಲ. ಅಲ್ಲಿಯ ಡಾಕ್ಟರು ಈಜಿಪ್ಟಿನ ಹೆಂಗಸು, ಬಹಳ ತಾಳ್ಮೆಯವರು. ಇದು ಬೆಕ್ಕುಗಳಿಗೆ ಬರುವ ಒಂದು ಅಂಟುರೋಗ, ಮನುಷ್ಯರಿಗೆ ಬರುವುದಿಲ್ಲ ಎಂದರು. ಎಲ್ಲಿಂದ ಬಂತು ಎಂದು ಭಾವ ಕೇಳಿದರು. ಹೇಳುವುದು ಕಷ್ಟ, ಬೀದಿಯಿಂದ ಮರಿಗಳೇ ತಂದಿರಬಹುದು, ಕೈಯಿಂದ ಬರಬಹುದು, ಬಟ್ಟೆಯಿಂದ ಬರಬಹುದು, ಶೂಗಳ ಅಡಿಯಿಂದಲೂ ಬರಬಹುದು ಎಂದರು. ಆಗ ಭಾವ ತಲೆ ಬಗ್ಗಿಸಿ ತಮ್ಮ ಶೂಗಳನ್ನು ನೋಡಿದರು. ನಾನು ಅವರ ಪಕ್ಕದ ಕುರ್ಚಿಯಲ್ಲೇ ಇದ್ದೆ. ಬಹಳ ಹೊತ್ತು ನೋಡಿದರು.

ಕಾರಿನಲ್ಲಿ ಬರುವಾಗ ಒಂದೇ ಮಾತು ಹೇಳಿದರು. ಅಲ್ ಖುವೈರ್‌ನಲ್ಲಿ ಅವರ ಆಫೀಸಿನ ಪಾರ್ಕಿಂಗಿನಲ್ಲಿ, ಕಾರಿನ ನೆರಳಲ್ಲಿ ಮಂಕಾಗಿ ಕೂತಿದ್ದ ಒಂದು ಮರಿಯ ತಲೆಯನ್ನು ಅವರು ಸವರಿದ್ದರಂತೆ. "ಪಾಪ ಅಂತ ಸವರಿದ್ದು," ಎಂದರು. ಹಿಂದಿನ ಸೀಟಿನ ಬುಟ್ಟಿಯಲ್ಲಿ ಗೋಳಿಬಜೆ ಒಂದೇ ಉಳಿದಿತ್ತು. ಅದೂ ಉಳಿಯುತ್ತದೋ ಇಲ್ಲವೋ ಡಾಕ್ಟರಿಗೆ ಗೊತ್ತಿರಲಿಲ್ಲ.

ಮರುದಿನವೇ ಶುರುವಾಯಿತು ನೋಡಿ, ಮಡಿ!

ಡಾಕ್ಟರು ಹೇಳಿದ್ದು ಸರಳವಾಗಿಯೇ ಇತ್ತು. ಉಳಿದ ಮರಿಯನ್ನು ಬೇರೆ ಇಡಿ. ಅದನ್ನು ನೋಡಿಕೊಳ್ಳುವವರು ಒಬ್ಬರೇ ಇರಲಿ. ಒಳಗೆ ಹೋಗುವಾಗ ಬೇರೆ ಬಟ್ಟೆ, ಹೊರಗೆ ಬಂದ ಮೇಲೆ ಕೈಕಾಲು ತೊಳೆತ. ಮನೆಯನ್ನು ಮೊದಲು ಸೋಪು ಹಾಕಿ ಉಜ್ಜಿ, ಆಮೇಲೆ ನೀರು ಬೆರೆಸಿದ ಬ್ಲೀಚ್ ಹಾಕಿ, ಹತ್ತು ನಿಮಿಷ ಒದ್ದೆಯಾಗಿಯೇ ಬಿಟ್ಟು, ಮತ್ತೆ ತೊಳೆಯಿರಿ. ಕಿಟಕಿ ತೆರೆದಿರಲಿ. ಬ್ಲೀಚಿಗೆ ಬೇರೇನನ್ನೂ ಬೆರೆಸಬೇಡಿ. ಭಾವ ಎಲ್ಲ ಕೇಳಿ ತಲೆಯಾಡಿಸಿದ್ದರು.

"ಅರ್ಥ ಆಯ್ತು ಡಾಕ್ಟರ್. ದಿಸ್ ಈಸ್ ಮಡಿ."

"ಮಾದಿ?" ಎಂದರು ಡಾಕ್ಟರು.

"ಯೆಸ್. ಮೈ ಮದರ್ ಡಿಡ್ ಆಲ್ ದಿಸ್. ವಿತೌಟ್ ವೈರಸ್."

ಭಾವನ ಮಡಿಯ ಮೊದಲ ಬಲಿ ಅಕ್ಕನ ಫಿನಾಯಿಲ್. ಕರಾವಳಿಯ ಹೆಂಗಸರಿಗೆ ಫಿನಾಯಿಲ್ ಮೇಲೆ ಎಂಥ ಭಕ್ತಿ ಎಂದು ನಿಮಗೆ ಗೊತ್ತಲ್ಲ? ನೆಲ ಎಷ್ಟೇ ಹೊಳೆದರೂ ಮೂಗಿಗೆ ಫಿನಾಯಿಲ್ ಬಡಿಯದಿದ್ದರೆ ಅದು ಒರೆಸಿದ ಲೆಕ್ಕಕ್ಕಿಲ್ಲ. ಅಕ್ಕ ಬಾಟಲಿ ಹಿಡಿದು ಬಂದದ್ದೇ ಭಾವ ಎರಡೂ ಕೈ ಅಡ್ಡ ಚಾಚಿದರು.

"ಇಡು ಅದನ್ನು! ಬೆಕ್ಕಿಗೆ ಅದು ವಿಷ. ಡಾಕ್ಟ್ರನ್ನು ಕೇಳಿಯೇ ಬಂದಿದ್ದೇನೆ."

"ಇಷ್ಟು ವರ್ಷ ನಾನು ನಿಮ್ಮ ಮನೆಯಲ್ಲಿ ಇದರಲ್ಲೇ ಒರೆಸಿದ್ದು. ನಿಮಗೆಂಥ ಆಯ್ತು?"

"ನಾನು ಬೆಕ್ಕಾ?"

"ಬೆಕ್ಕಾಗಿದ್ರೆ ಇಷ್ಟು ಮಾತು ಬರ್ತಿರಲಿಲ್ಲ," ಎಂದು ಅಕ್ಕ ಬಾಟಲಿ ತೆಗೆದುಕೊಂಡು ಹೋಗಿ ಕಾರಿನ ಡಿಕ್ಕಿಯಲ್ಲಿಟ್ಟಳು.

ಭಾವ ಕಂಪನಿಯಲ್ಲಿ ಖರೀದಿ ವಿಭಾಗದವರು. ಹಾಗಾಗಿ ಬ್ಲೀಚ್ ಬಂದದ್ದು ಬಾಟಲಿಯಲ್ಲಲ್ಲ, ಕ್ಯಾನುಗಳಲ್ಲಿ. ಜೊತೆಗೆ ಮೊಣಕೈ ತನಕದ ಗ್ಲೌಸುಗಳು, ನೆಲಕ್ಕೊಂದು ಗೋಡೆಗೊಂದು ಬ್ರಷ್ಷು, ಬಣ್ಣಬಣ್ಣದ ಬಕೆಟ್ಟುಗಳು. ಹಸಿರು ಬಕೆಟ್ ಸೋಪಿಗೆ, ನೀಲಿ ಬ್ಲೀಚಿಗೆ, ಬಿಳಿ ಕೊನೆಯ ತೊಳೆತಕ್ಕೆ. ಹಸಿರನ್ನು ಮುಟ್ಟಿದ ಕೈಯಲ್ಲಿ ಬಿಳಿಯನ್ನು ಮುಟ್ಟಿದರೆ ಬಿಳಿ ಮೈಲಿಗೆ! ಬೆಕ್ಕಿನ ಟವೆಲ್ಲುಗಳನ್ನು ಬಿಸಿನೀರಿನಲ್ಲಿ ಒಗೆದು, ಹಿಂದಿನ ಅಂಗಳದಲ್ಲಿ ಕೈಗೆಟುಕದಷ್ಟು ಎತ್ತರಕ್ಕೆ ಹಗ್ಗ ಕಟ್ಟಿ, ಒರೆಸುವ ಮಾಪಿನ ಕೋಲಿನಿಂದ ಅವನ್ನು ಏರಿಸುತ್ತಿದ್ದರು. ನಾನು ಗೇಟು ತೆರೆದು ಒಳಗೆ ಬಂದಾಗ ಕಂಡ ದೃಶ್ಯ ಇದು: ಮಿಂದು, ಪಂಚೆ ಉಟ್ಟು, ಕೋಲು ಹಿಡಿದು, ತಲೆಯೆತ್ತಿ ನಿಂತ ಭಾವ.

"ದೂರ! ದೂರ! ನಾನು ಮಡಿ!"

ಇದು ಅವರ ಬಾಯಿಂದ ಬಂದ ಮಾತು. ಪ್ರಮಾಣ ಮಾಡಿ ಹೇಳುತ್ತೇನೆ.

ಅಕ್ಕ ಅಡುಗೆಮನೆಯ ಕಿಟಕಿಯಿಂದ ಇಣುಕಿ ಅಂದಳು: "ಅತ್ತೆ ಇರ್ಬೇಕಿತ್ತು ತಮ್ಮಾ. ಇವತ್ತು ಪಾಯಸ ಮಾಡ್ತಿದ್ರು."

ಬ್ಲೀಚ್ ಹಾಕಿದ ಮೇಲೆ ಹತ್ತು ನಿಮಿಷ ಕಾಯಬೇಕಲ್ಲ, ಅದನ್ನು ಭಾವ ಅಳೆಯುತ್ತಿದ್ದ ಕ್ರಮ ಇನ್ನೂ ವಿಚಿತ್ರ. ಗ್ಲೌಸು ಹಾಕಿದ ಕೈಯಲ್ಲಿ ಫೋನ್ ಮುಟ್ಟಿದರೆ ಫೋನ್ ಮೈಲಿಗೆ. ಗಡಿಯಾರ ನೋಡಲು ನಡುಮನೆಗೆ ಹೋದರೆ ನಡುಮನೆ ಮೈಲಿಗೆ. ಹಾಗಾಗಿ ಅವರು ಬಚ್ಚಲಲ್ಲೇ ನಿಂತು, ಅವರ ಅಮ್ಮ ದಿನವೂ ಹೇಳುತ್ತಿದ್ದ ದೇವರ ಸ್ತೋತ್ರವನ್ನು ಮೊದಲಿನಿಂದ ಕೊನೆಯ ತನಕ ಹೇಳುತ್ತಿದ್ದರು. ನಿಧಾನವಾಗಿ ಹೇಳಿದರೆ ಸರಿಯಾಗಿ ಹತ್ತು ನಿಮಿಷ. ಅಕ್ಕ ನನ್ನನ್ನು ಬಾಗಿಲ ಹತ್ತಿರ ಕರೆದು, ಬಾಯಿಗೆ ಬೆರಳಿಟ್ಟು ಕೇಳಿಸಿದಳು. "ಮದುವೆಯಾದ ಮೇಲೆ ಈ ಮನುಷ್ಯ ದೇವರ ಹೆಸರು ಹೇಳಿದ್ದು ಇದೇ ಮೊದಲು," ಎಂದು ಪಿಸುಗುಟ್ಟಿದಳು. ಸ್ತೋತ್ರ ಮುಗಿದದ್ದೇ ನೀರು ಸುರಿಯುವ ಸದ್ದು. ಒಂದು ಸಲ ನಡುವೆ ಸಾಲು ಮರೆತುಹೋಗಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಆ ದಿನ ಟೈಲ್ಸಿನ ನಡುವಿನ ಗೆರೆಗಳೆಲ್ಲ ಹಲ್ಲಿನ ಹಾಗೆ ಬೆಳ್ಳಗಾಗಿದ್ದವು.

ಭಾವನ ಮೈಗೂ ಆ ವಾಸನೆ ಹಿಡಿಯಿತು. ಆಫೀಸಿನ ಲಿಫ್ಟಿನಲ್ಲಿ ಒಬ್ಬರು, "ದಿನಾ ಬೆಳಿಗ್ಗೆ ಸ್ವಿಮ್ಮಿಂಗಾ ಸಾರ್? ಈ ವಯಸ್ಸಲ್ಲಿ ಗ್ರೇಟ್!" ಎಂದರಂತೆ. ಭಾವ ಹೊಟ್ಟೆ ಒಳಗೆಳೆದುಕೊಂಡು ನಿಂತರಂತೆ. ಇದು ನಾನು ಕಂಡದ್ದಲ್ಲ, ಕೇಳಿದ್ದು. ನಾನು ಕಂಡದ್ದು ನನ್ನ ಹೊಸ ನೀಲಿ ಶರ್ಟಿನ ಮೇಲೆ ಉದುರಿದ ಬಿಳಿ ಚುಕ್ಕೆಗಳನ್ನು. "ಅಂಬಡೆಯ ಹಾಗೆ ಕಾಣ್ತೀಯ," ಎಂದರು ಭಾವ. ಹೇಳಿದ ಮೇಲೆ ಒಂದು ಕ್ಷಣ ಬೇರೆ ಕಡೆ ತಿರುಗಿದರು.

ಇನ್ನು ಆರತಿಯ ವಿಷಯ. ಇದನ್ನು ನಿಧಾನವಾಗಿಯೇ ಹೇಳಬೇಕು.

ಮನೆಯ ಮಾಲೀಕರು ವಯಸ್ಸಾದ ಒಮಾನಿ, ಮೇಲಿನ ಮಹಡಿಯಲ್ಲೇ ಇರುವವರು. ಸದಾ ಬಿಳಿ ದಿಶ್‌ದಾಶಾ, ಅಂದರೆ ಅವರ ಪಾದದ ತನಕದ ಉದ್ದ ಅಂಗಿ. ಅಕ್ಕ ಭಾವ ಈ ಮನೆಗೆ ಬಂದ ದಿನ ಹಾಲು ಉಕ್ಕಿಸಿ, ಹಿರಿಯರೆಂದು ಅವರನ್ನೂ ಕರೆದು, ಬಾಗಿಲಲ್ಲಿ ನಿಲ್ಲಿಸಿ ಆರತಿ ಎತ್ತಿದ್ದರು. ಆ ಕೆಂಪು ನೀರಿನ ತಟ್ಟೆ ಅವರಿಗೆ ಬಹಳ ಹಿಡಿಸಿತ್ತು. ಅರಿಶಿನ, ಸುಣ್ಣ, ನೀರು ಸೇರಿದರೆ ಈ ಬಣ್ಣ ಬರುತ್ತದೆಂದು ಕೇಳಿ ಬೆರಗಾಗಿದ್ದರು.

ಒಂದು ಬೆಳಿಗ್ಗೆ ಭಾವ ಎದುರು ಬಾಗಿಲ ಹೊಸ್ತಿಲು ತೊಳೆಯಲೆಂದು ನೀಲಿ ಬಕೆಟ್ಟಿನಲ್ಲಿ ಬ್ಲೀಚ್ ಬೆರೆಸಿಟ್ಟು ಗ್ಲೌಸು ತರಲು ಒಳಗೆ ಹೋದರು. ನಾನು ಸೋಫಾದಲ್ಲಿದ್ದೆ. ಅಕ್ಕ ಅಡುಗೆಮನೆಯಿಂದ ಬಂದಳು, ಸುತ್ತ ನೋಡಿದಳು, ಬೆರಳ ತುದಿಯಲ್ಲಿದ್ದ ಏನನ್ನೋ ಬಕೆಟ್ಟಿಗೆ ಉದುರಿಸಿದಳು. ಅರಿಶಿನ! ಅವಳ ಪ್ರಕಾರ ಮನೆಯಲ್ಲಿ ಎರಡು ಜೀವ ಹೋಗಿದೆ, ಎಷ್ಟೇ ಬ್ಲೀಚ್ ಹಾಕಿದರೂ ಒಂದು ಚಿಟಿಕೆ ಅರಿಶಿನ ಬೀಳದೆ ಶುದ್ಧವಾಗುವುದುಂಟೆ? ಮುಂದಿನದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಬಕೆಟ್ಟಿನ ನೀರು ನೋಡನೋಡುತ್ತಿದ್ದಂತೆ ಕೆಂಪಾಯಿತು. ಸಾಕ್ಷಾತ್ ಆರತಿಯ ಕೆಂಪು! ಸುಣ್ಣದ ಕೆಲಸವನ್ನು ಬ್ಲೀಚ್ ಮಾಡಿತ್ತು.

"ಅಯ್ಯೋ! ಇದೆಂಥ ಅವಸ್ಥೆ!" ಎಂದಳು ಅಕ್ಕ.

ಅಷ್ಟರಲ್ಲಿ ತೆರೆದ ಬಾಗಿಲಲ್ಲಿ ಮಾಲೀಕರು. ಮರಿ ಹೇಗಿದೆ ಎಂದು ವಿಚಾರಿಸಲು ಬಂದವರು ಬಕೆಟ್ ನೋಡಿದರು. ಅವರ ಮುಖ ಅರಳಿತು. ಚಪ್ಪಲಿ ಬಿಟ್ಟರು. ಹೊಸ್ತಿಲ ಹೊರಗೆ ನೆಟ್ಟಗೆ ನಿಂತು, ಎದೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ಕಾದರು!

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಹಿರಿಯ ಮನುಷ್ಯ, ಇಷ್ಟು ನಂಬಿಕೆಯಿಂದ ನಿಂತಿದ್ದಾರೆ. ಅಕ್ಕ ನನ್ನನ್ನು ನೋಡಿದಳು, ನಾನು ಬಕೆಟ್ ನೋಡಿದೆ. ಆ ಕಡೆಯಿಂದ ಅವಳು, ಈ ಕಡೆಯಿಂದ ನಾನು ಬಕೆಟ್ಟನ್ನು ಎತ್ತಿದೆವು, ತುಳುಕದ ಹಾಗೆ ಅವರ ಎದುರು ಒಂದು ಸುತ್ತು ತಿರುಗಿಸಿದೆವು. ಆಗ ಭಾವ ಗ್ಲೌಸು ಏರಿಸಿಕೊಳ್ಳುತ್ತಾ ಹೊರಗೆ ಬಂದರು. ಅವರ ಬಾಯಿ ತೆರೆದದ್ದು ಮುಚ್ಚಲೇ ಇಲ್ಲ.

ಮಾಲೀಕರು ಕಣ್ಣು ತೆರೆಯುವ ಹೊತ್ತಿಗೆ ಇನ್ನೊಂದು ಚಮತ್ಕಾರ. ಬಕೆಟ್ಟಿನ ಕೆಂಪು ಮಾಸುತ್ತಾ ಬಂತು. ಬ್ಲೀಚ್ ಅಲ್ಲವೇ, ಬಣ್ಣ ತಿಂದುಹಾಕಿತು.

"ಖಲಾಸ್?" ಎಂದು ಮಾಲೀಕರು ಬಕೆಟ್ಟಿನೊಳಗೆ ಬಗ್ಗಿ ನೋಡಿ ಕೇಳಿದರು.

"ಖಲಾಸ್," ಎಂದರು ಭಾವ, ಬೇರೇನೂ ತೋಚದೆ.

ಅವರು ಹೋದ ಮೇಲೆ ಭಾವ ಅಕ್ಕನ ಕಡೆ ತಿರುಗಿದರು. "ಬ್ಲೀಚಿಗೆ ಎಂಥದೂ ಬೆರೆಸ್ಬಾರ್ದು ಅಂತ ಬಾಯಿ ಬಡ್ಕೊಂಡಿದ್ದೇನೆ. ಅದು ವೈರಸ್ಸನ್ನು ತಿನ್ನುದು ಬಿಟ್ಟು ನಿನ್ನ ಅರಿಶಿನ ತಿಂದು ಕೂತಿತಲ್ಲ!"

"ಹೊಟ್ಟೆ ತುಂಬಿದ ಮೇಲೆ ಕೆಲಸ ಚೆನ್ನಾಗಿ ಮಾಡ್ತದೆ, ಬಿಡಿ," ಎಂದಳು ಅಕ್ಕ. ಭಾವ ಬಕೆಟ್ ಚೆಲ್ಲಿ ಹೊಸದಾಗಿ ಬೆರೆಸಿದರು. ಹೊಸ್ತಿಲನ್ನು ಎರಡು ಸ್ತೋತ್ರ ತೊಳೆದರು.

ಆದರೆ ಮಣೆಯ ವಿಷಯದಲ್ಲಿ ಅಕ್ಕ ನಗಲಿಲ್ಲ. ಪ್ಲಾಸ್ಟಿಕ್ಕು, ಸ್ಟೀಲು, ಟೈಲ್ಸು ಇವನ್ನೆಲ್ಲ ತೊಳೆಯಬಹುದು. ರಟ್ಟು, ಮರ, ತೆಂಗಿನ ನಾರಿನ ಕಾಲೊರಸು ಇವುಗಳ ಒಳಗೆ ರೋಗ ಕೂತುಬಿಡುತ್ತದೆ, ಬಿಸಾಡುವುದೇ ಒಳ್ಳೆಯದೆಂದು ಡಾಕ್ಟರು ಹೇಳಿದ್ದರು. ಭಾವ ಮರಿಗಳಿಗೆ ಹಾಲು ಕುಡಿಸುತ್ತಿದ್ದದ್ದು ಹಲಸಿನ ಮರದ ಮಣೆಯ ಮೇಲೆ ಕೂತು. ಅದು ಅವರಿಬ್ಬರ ಮದುವೆಯ ಮಣೆ.

"ನನ್ನ ಧಾರೆ ಎರೆದ ಮಣೆ ಅದು. ಬಿಸಾಡ್ತೀರಾ?"

"ಮರದ ಒಳಗೆ ವೈರಸ್ ಕೂತಿರ್ತದೆ ಮಾರಾಯ್ತಿ."

"ನೀವು ಕೂತಿದ್ದೂ ಅದರ ಮೇಲೆಯೇ. ಮೊದಲು ನಿಮ್ಮನ್ನು ಬಿಸಾಡ್ಬೇಕು."

ಕೊನೆಗೆ ದಾರಿ ತೋರಿಸಿದವರು ಮಾಲೀಕರು. "ಮಿಸ್ಕೀನ್, ಮಿಸ್ಕೀನ್," ಎಂದು ಮಣೆಗೋ ಅಕ್ಕನಿಗೋ ಮರುಕಪಡುತ್ತಾ ಅದನ್ನು ಎತ್ತಿಕೊಂಡು ಹೋಗಿ ತಮ್ಮ ತಾರಸಿಯ ಬಿಸಿಲಿನಲ್ಲಿ ಇಟ್ಟರು. ಮಸ್ಕತ್ತಿನ ಬಿಸಿಲಿನಲ್ಲಿ ಯಾವ ರೋಗ ಉಳಿದೀತು ಎಂಬುದು ಅವರ ವಾದ. ಡಾಕ್ಟರು ಇದನ್ನು ಒಪ್ಪಲಿಲ್ಲ. ಆದರೂ ಮಣೆ ತಾರಸಿಯಲ್ಲೇ ಉಳಿಯಿತು.

ಇಷ್ಟು ದಿನವೂ ಗೋಳಿಬಜೆ ಹಿಂದಿನ ಬಚ್ಚಲಿನಲ್ಲಿ ಒಬ್ಬಳೇ ಇದ್ದಳು. ಭಾವ ಆಫೀಸಿನಿಂದ ತಂದ ಅಪಾಯದ ಟೇಪನ್ನು ಹೊಸ್ತಿಲಿಗೆ ಅಂಟಿಸಿದ್ದರು. ಹೊತ್ತುಹೊತ್ತಿಗೆ ಮಿಂದು, ಗ್ಲೌಸು ಹಾಕಿ, ಒಳಗೆ ಹೋಗಿ, ಔಷಧಿ ಕೊಟ್ಟು, ಹಾಲು ಕುಡಿಸಿ, ತೊಳೆದು ಬರುತ್ತಿದ್ದರು. ಅದಕ್ಕಿಂತ ಹೆಚ್ಚು ಒಂದು ಕ್ಷಣ ನಿಲ್ಲುತ್ತಿರಲಿಲ್ಲ. ಬರಿಗೈಯಲ್ಲಿ ಒಮ್ಮೆಯೂ ಮುಟ್ಟಲಿಲ್ಲ. ಅವಳು ಕಾಲಿನ ಹತ್ತಿರ ಬಂದರೆ ಹಿಂದೆ ಸರಿಯುತ್ತಿದ್ದರು.

ಆಮೇಲೆ ಒಂದು ಗುರುವಾರ ಡಾಕ್ಟರು ಅವಳನ್ನು ಪರೀಕ್ಷೆ ಮಾಡಿ ನಕ್ಕರು. ಗೆದ್ದಳು, ಇನ್ನು ಈ ರೋಗ ಇವಳ ಹತ್ತಿರ ಬರುವುದಿಲ್ಲ, ಎತ್ತಿಕೊಳ್ಳಿ ಎಂದರು. ಬೇರೆ ಮರಿಗಳನ್ನು ಮಾತ್ರ ಬಹಳ ಕಾಲ ಈ ಮನೆಗೆ ತರಬೇಡಿ ಎಂದರು. ಭಾವ ಥ್ಯಾಂಕ್ಸ್ ಹೇಳಿ, ಬುಟ್ಟಿಯಲ್ಲೇ ಅವಳನ್ನು ಮನೆಗೆ ತಂದು, ಮತ್ತೆ ಟೇಪಿನ ಆಚೆ ಬಿಟ್ಟರು!

ಮರುದಿನ ಬೆಳಿಗ್ಗೆ ಅಕ್ಕನ ಫೋನ್. "ನೀನೊಮ್ಮೆ ಬಾ ತಮ್ಮಾ. ಇವರು ಅದನ್ನು ಮುಟ್ಟುದಿಲ್ಲ. ಅದು ಕೂಗಿ ಕೂಗಿ ಸ್ವರ ಹೋಗಿದೆ. ನಾನು ಎತ್ಕೊಳ್ಳಲಿಕ್ಕೆ ಹೋದ್ರೆ ನನಗೂ ಬಿಡುದಿಲ್ಲ."

ನಾನು ಹೋದೆ. ವಾಷಿಂಗ್ ಮೆಷಿನ್ನಿಗೆ ಬೆನ್ನು ಕೊಟ್ಟು ನಿಂತೆ. ಭಾವ ಟೇಪಿನ ಈಚೆ, ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಕೂತಿದ್ದರು. ಒದ್ದೆ ಕೂದಲು, ಒಗೆದ ಪಂಚೆ, ಮೊಣಕೈ ತನಕ ಗ್ಲೌಸು. ಟೇಪಿನ ಆಚೆ ಗೋಳಿಬಜೆ. ಬಾಯಿ ತೆರೆಯುತ್ತಿದ್ದಳು, ಸ್ವರ ಬರುತ್ತಿರಲಿಲ್ಲ.

"ಭಾವಾ, ಡಾಕ್ಟ್ರೇ ಹೇಳಿದ್ದಾರಲ್ಲ, ಇನ್ನೂ ಎಂಥದಕ್ಕೆ ಇದೆಲ್ಲ?"

"ಡಾಕ್ಟ್ರಿಗೆ ನನ್ನ ಕೈ ಗೊತ್ತಿಲ್ಲ ಮಾರಾಯ." ಗ್ಲೌಸು ಹಾಕಿದ ಕೈಗಳನ್ನೇ ನೋಡುತ್ತಾ ಹೇಳಿದರು: "ಅಮ್ಮ ಮಡಿಯಲ್ಲಿರುವಾಗ ನಾನು ಓಡಿ ಹೋಗ್ತಿದ್ದೆ. ಅವಳು 'ಮುಟ್ಬೇಡ ಮಗಾ' ಅಂತ ಹಿಂದೆ ಹಿಂದೆ ಹೋಗ್ತಿದ್ಳು. ನನಗೆ ಸಿಟ್ಟು ಬರ್ತಿತ್ತು. ಹಿಂದೆ ಹೋಗುವವರಿಗೂ ಕಷ್ಟ ಆಗ್ತದೆ ಅಂತ ನನಗೆ ಯಾರೂ ಹೇಳ್ಲಿಲ್ಲ."

ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಅಂಗಳದ ಕಡೆಯ ಬಾಗಿಲಲ್ಲಿ, ನಮಾಜಿಗೆ ಹೊರಟಿದ್ದ ಮಾಲೀಕರೂ ಬಂದು ನಿಂತರು.

ಆಗ ಗೋಳಿಬಜೆ ಟೇಪನ್ನು ಮೂಸಿದಳು. ಒಂದು ಕಾಲನ್ನು ಅದರ ಮೇಲಿಟ್ಟಳು. ಅಂಟು ಹಿಡಿಯಿತೋ ಏನೋ, ಕಾಲು ಕೊಡವಿದಳು. ಮತ್ತೆ ನೇರವಾಗಿ ದಾಟಿ ಬಂದು, ಭಾವನ ಪಂಚೆಗೆ ಉಗುರು ಹಾಕಿ, ಮೊಣಕಾಲನ್ನು ಹತ್ತಿ, ಮಡಿಲಿಗೆ ಇಳಿದು ಸುರುಳಿಯಾದಳು.

ಭಾವ ಪೊಲೀಸರು ಹಿಡಿದವರ ಹಾಗೆ ಎರಡೂ ಕೈ ಮೇಲೆತ್ತಿದ್ದರು. "ಮುಟ್ಟಿತು! ಏ, ಮುಟ್ಟಿತು ಮಾರಾಯ!" ಎಂದರು. ದೂರು ಹೇಳುತ್ತಿದ್ದಾರೋ ಸಂತೋಷಪಡುತ್ತಿದ್ದಾರೋ ಸ್ವರದಿಂದ ಗೊತ್ತಾಗಲಿಲ್ಲ. ಕೈಗಳು ಮೇಲೆಯೇ ಇದ್ದವು. ಆಮೇಲೆ ಬಲಗೈಯ ಗ್ಲೌಸನ್ನು ಹಲ್ಲಿನಿಂದ ಕಚ್ಚಿ ಎಳೆದರು. ಮಡಿಯಲ್ಲಿದ್ದವರು ಹಲ್ಲಿನಿಂದ ಎಳೆಯುವುದುಂಟೆ! ಬ್ಲೀಚಿಗೆ ಬಿರಿದು ಒರಟಾಗಿದ್ದ ಆ ಬರಿಗೈಯನ್ನು ನಿಧಾನವಾಗಿ ಇಳಿಸಿ ಅವಳ ಬೆನ್ನಿನ ಮೇಲಿಟ್ಟರು. ತೆಗೆಯಲಿಲ್ಲ.

"ಖಲಾಸ್?" ಎಂದರು ಮಾಲೀಕರು ಬಾಗಿಲಿಂದ, ಮೆಲ್ಲಗೆ.

ಭಾವ ಬಾಯಿಯಲ್ಲಿ ಗ್ಲೌಸು ಇಟ್ಟುಕೊಂಡೇ ತಲೆಯಾಡಿಸಿದರು.

"ಇನ್ನೊಮ್ಮೆ ಮೀಯ್ಬೇಕಲ್ಲ ಈಗ?" ಎಂದಳು ಅಕ್ಕ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ.

ಆ ದಿನ ಸಂಜೆಯ ತನಕ ಭಾವ ಮೀಯಲಿಲ್ಲ.

ಇದನ್ನು ಕಂಡವನು ನಾನೊಬ್ಬನೇ ಅಲ್ಲ. ಅಕ್ಕ ಇದ್ದಾಳೆ, ಕೇಳಬಹುದು. ಫಿನಾಯಿಲ್ ಬಾಟಲಿ ಇನ್ನೂ ಡಿಕ್ಕಿಯಲ್ಲೇ ಇದೆ ಎಂಬ ದೂರನ್ನೂ ಕೇಳಬೇಕಾಗುತ್ತದೆ, ಅಷ್ಟೇ. ಮಾಲೀಕರು ಇದ್ದಾರೆ, ಅರಬ್ಬಿ ಬಂದರೆ ಅವರು ಆರತಿಯಿಂದಲೇ ಶುರು ಮಾಡಿ ಹೇಳುತ್ತಾರೆ. ತಾರಸಿಯಿಂದ ಇಳಿದ ಮಣೆಯ ಮೇಲೆ ಈಗ ಅಕ್ಕನಿಗೂ ಜಾಗವಿಲ್ಲ, ಭಾವನಿಗೂ ಜಾಗವಿಲ್ಲ. ಅಲ್ಲಿ ನಾಲ್ಕನೆಯ ಸಾಕ್ಷಿ ಮೈಚಾಚಿ ಮಲಗಿರುತ್ತಾಳೆ. ಬೆಕ್ಕಿನ ಮೇಡಂ ಕಾಯಂ ಮನೆ ಹುಡುಕಿದ್ದೇನೆಂದು ಫೋನ್ ಮಾಡಿದಾಗ, ಅವಳಿಗೆ ಮನೆ ಆಗಲೇ ಸಿಕ್ಕಿಯಾಯಿತು ಎಂದು ಹೇಳಿ ಭಾವ ಫೋನ್ ಇಟ್ಟರು. ಗೋಳಿಬಜೆ ಬದುಕಿದ್ದಾಳೆ.